ಅರವತ್ತರ ನಂತರ ಹೃದಯದ ಆರೈಕೆ: ಮೊದಲು ಬಿ.ಪಿ., ನಂತರ ಉಪ್ಪು, ಆಮೇಲೆ ನಡಿಗೆ

ಅರವತ್ತು ದಾಟಿದವರ ರಕ್ತನಾಳಗಳು ಮೊದಲಿನಷ್ಟು ಮೃದುವಾಗಿರುವುದಿಲ್ಲ. ನಾಳಗಳು ಪೆಡಸಾದಷ್ಟೂ ಬಿ.ಪಿ.ಯ ಮೇಲಿನ ಅಂಕಿ ಏರುತ್ತದೆ, ಆ ಒತ್ತಡಕ್ಕೆ ಎದುರಾಗಿ ದುಡಿದು ದುಡಿದು ಹೃದಯದ ಸ್ನಾಯು ದಪ್ಪಗಾಗುತ್ತದೆ, ಮತ್ತು ಇದೆಲ್ಲ ಯಾವ ನೋವೂ ಕಾಣಿಸದೆ ವರ್ಷಗಟ್ಟಲೆ ನಡೆಯುತ್ತದೆ. ಆದ್ದರಿಂದ ಹಿರಿಯರ ಆರೈಕೆಯನ್ನು ಆರಂಭಿಸಬೇಕಾದದ್ದು ಬಿ.ಪಿ. ಅಳೆಯುವುದರಿಂದ.

ಮನೆಗೆ ತೋಳಿಗೆ ಪಟ್ಟಿ ಸುತ್ತುವ ಡಿಜಿಟಲ್ ಯಂತ್ರವನ್ನೇ ಕೊಳ್ಳಿ. ಮಣಿಕಟ್ಟಿಗೆ ಕಟ್ಟುವ ಯಂತ್ರ ಅಷ್ಟು ನಂಬಲರ್ಹವಲ್ಲ. ಅಳೆಯುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೂರಿ 5 ನಿಮಿಷ ಮಾತಾಡದೆ ಕುಳಿತು, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಿಸಿ, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಬರೆದಿಡಬೇಕು. ಒಂದು ವಾರ ಬೆಳಿಗ್ಗೆ, ಸಂಜೆ ಹೀಗೆ ಬರೆದ ಅಂಕಿಗಳ ಸರಾಸರಿ 135/85 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಆ ಪುಸ್ತಕವನ್ನೇ ವೈದ್ಯರ ಮುಂದಿಡಿ. ಎದ್ದು ನಿಂತಾಗ ತಲೆಸುತ್ತು ಬರುವವರು ನಿಂತೂ ಅಳೆಯಬೇಕು. 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಿ. ಬಿದ್ದು ಸೊಂಟದ ಮೂಳೆ ಮುರಿಯುವುದೂ ಈ ವಯಸ್ಸಿನಲ್ಲಿ ಪ್ರಾಣಕ್ಕೆ ಎರವಾಗಬಲ್ಲದು.

ಇನ್ನು ಉಪ್ಪು. ನನ್ನ ದೃಷ್ಟಿಯಲ್ಲಿ ನಮ್ಮ ಅಡುಗೆಮನೆಗಳಲ್ಲಿ ಎಲ್ಲಕ್ಕಿಂತ ಮೊದಲು ತಿದ್ದಬೇಕಾದದ್ದು ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಈ ಲೆಕ್ಕದಂತೆ ನಾಲ್ವರ ಮನೆಯಲ್ಲಿ ಅಡುಗೆಗೆ ತಂದ 1 ಕಿಲೋ ಉಪ್ಪು 50 ದಿನಕ್ಕೆ ಮೊದಲೇ ಮುಗಿದರೆ ಮಿತಿ ಮೀರಿದಂತೆ. ಉಪ್ಪಿನಕಾಯಿ, ಹಪ್ಪಳ, ಬಾಳಕ, ಬೇಕರಿಯ ಖಾರ, ಕರಾವಳಿಯ ಒಣಮೀನು ಇವುಗಳ ಉಪ್ಪು ಈ ಲೆಕ್ಕದ ಹೊರಗೇ ಉಳಿಯುತ್ತದೆ. ಐವತ್ತು ವರ್ಷ ಮಿಡಿ ಉಪ್ಪಿನಕಾಯಿಯೊಂದಿಗೆ ಮೊಸರನ್ನ ಉಂಡವರಿಗೆ ಒಮ್ಮೆಗೇ ಬಿಡಿ ಎನ್ನುವುದು ತರವಲ್ಲ. ವಾರವಾರವೂ ಸ್ವಲ್ಪಸ್ವಲ್ಪ ಇಳಿಸುತ್ತ, ನಿಂಬೆ, ಶುಂಠಿ, ಇಂಗಿನ ಒಗ್ಗರಣೆಗಳಿಂದ ರುಚಿ ಕಾಯ್ದುಕೊಂಡರೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರನ್ನು ಐದು ವರ್ಷದಷ್ಟು ಕಾಲ ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸೋಡಿಯಂನ ಒಂದು ಭಾಗವನ್ನು ಪೊಟ್ಯಾಸಿಯಂನಿಂದ ತುಂಬಿದ ಉಪ್ಪು ಬಳಸಿದವರಲ್ಲಿ ಪಾರ್ಶ್ವವಾಯುವೂ ಸಾವೂ ಕಡಿಮೆಯಾದವು. ಅವರಲ್ಲಿ ಹೆಚ್ಚಿನವರು ಬಿ.ಪಿ. ಇದ್ದ ಹಿರಿಯರು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ, ಕೆಲವು ಬಿ.ಪಿ. ಮಾತ್ರೆ ನುಂಗುವವರಿಗೆ ಇಂಥ ಉಪ್ಪು ಅಪಾಯಕಾರಿ. ವೈದ್ಯರನ್ನು ಕೇಳದೆ ತರಬೇಡಿ.

ನಡಿಗೆ ವಾರಕ್ಕೆ 150 ನಿಮಿಷವಿರಲಿ: ಮಾತಾಡಲು ಬರುವಂತೆ, ಹಾಡಲು ಬಾರದಂತೆ ಉಸಿರು ಏರುವ ವೇಗದಲ್ಲಿ. ಒಮ್ಮೆಗೇ ಆಗದಿದ್ದರೆ ಹತ್ತು ಹತ್ತು ನಿಮಿಷವಾದರೂ ಸರಿ. ನಡಿಗೆಯೊಂದೇ ಸಾಲದು, ಕೈಯೂರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವ ಅಭ್ಯಾಸ ವಾರಕ್ಕೆರಡು ದಿನವಾದರೂ ಬೇಕು, ಏಕೆಂದರೆ ತೊಡೆಯ ಬಲ ಉಳಿದವರು ಮಾತ್ರ ನಡೆಯುತ್ತಲೇ ಇರಬಲ್ಲರು. ಬೀಡಿ, ಸಿಗರೇಟನ್ನಂತೂ ಎಪ್ಪತ್ತರಲ್ಲಿ ಬಿಟ್ಟರೂ ಲಾಭವಿದೆ. ಎಲೆ ಅಡಿಕೆಯೊಂದಿಗಿನ ಹೊಗೆಸೊಪ್ಪಿಗೂ ವಿನಾಯಿತಿ ಇಲ್ಲ. ಬಿ.ಪಿ. ಇಳಿಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಇಳಿದದ್ದರಲ್ಲಿ ಮಾತ್ರೆಯ ಪಾಲೂ ಇದೆ.

ಇಷ್ಟೆಲ್ಲ ಪಾಲಿಸಿದ ಮನೆಯಲ್ಲೂ ಒಂದು ವಿಷಯ ಎಲ್ಲರಿಗೂ ತಿಳಿದಿರಬೇಕು. ವಯಸ್ಸಾದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯವರಲ್ಲಿ, ಹೃದಯಾಘಾತವು ಎದೆನೋವಿಲ್ಲದೆ ಬರೀ ಉಸಿರುಕಟ್ಟುವಿಕೆ, ತಣ್ಣನೆ ಬೆವರು, ವಿಪರೀತ ಸುಸ್ತಾಗಿ ಬರಬಹುದು. ಇದ್ದಕ್ಕಿದ್ದಂತೆ ಹಾಗಾದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿ ಬೆಳಗಾಗುವವರೆಗೆ ಕಾಯದೆ, ಕೂಡಲೇ 108ಕ್ಕೆ ಕರೆ ಮಾಡಿ, ಇ.ಸಿ.ಜಿ. ಮಾಡುವ ಆಸ್ಪತ್ರೆಗೆ ಕರೆದೊಯ್ಯಿರಿ, ಹೊರಡುವಾಗ ಆ ಬಿ.ಪಿ. ಪುಸ್ತಕವನ್ನೂ ಮಾತ್ರೆಗಳ ಚೀಟಿಯನ್ನೂ ಜೊತೆಗಿಟ್ಟುಕೊಳ್ಳಿ.