ಮೂರನೇ ಮಹಡಿಯವರೂ ನಮ್ಮ ರಸ್ತೆಯವರೇ

ಬೆಂಗಳೂರಲ್ಲಿ ಪಕ್ಕದ ಮನೆಯವರ ಮುಖವೂ ಗೊತ್ತಿರಲ್ಲ ಅನ್ನುವ ಮಾತು ನಮ್ಮ ರಸ್ತೆಗೆ ಅರ್ಧ ಮಾತ್ರ ಒಪ್ಪುತ್ತದೆ. ನಾನಿರುವುದು ವಿಜಯನಗರದ ಒಂದು ಅಡ್ಡರಸ್ತೆಯಲ್ಲಿ. ಎಲ್ಲ 30×40 ಅಡಿಯ ಸೈಟುಗಳು. ಇಲ್ಲಿ ಸ್ವಂತ ಮನೆ ಕಟ್ಟಿಸಿದವರು ಒಬ್ಬರ ಮಕ್ಕಳ ಮದುವೆಗೆ ಇನ್ನೊಬ್ಬರು ಓಡಾಡಿದವರು, ಸಾವಿಗೆ ಹೆಗಲು ಕೊಟ್ಟವರು. ಗುರುತು ಇಲ್ಲದಿರುವುದು ಕೆಳಗಿನ ಓನರ್ ಮನೆಗೂ ಮೇಲಿನ ಬಾಡಿಗೆ ಮನೆಗಳಿಗೂ ನಡುವೆ. ಒಂದು ವರ್ಷ ಮೀರಿದ ಕರಾರಾದರೆ ನೋಂದಣಿ ಮಾಡಿಸಬೇಕು ಅಂತ ಎಲ್ಲರೂ 11 ತಿಂಗಳಿಗೇ ಬರೆಸುತ್ತಾರೆ. ಹೇಗೂ ಖಾಲಿ ಮಾಡಿ ಹೋಗುವವರು ಅಂತ ಕೆಳಗಿನವರು ಮಾತಾಡಿಸಲ್ಲ. ಹೇಗೂ ನಾವು ಹೋಗುವವರು ಅಂತ ಮೇಲಿನವರೂ ಮಾತಿಗೆ ನಿಲ್ಲಲ್ಲ. ಈ ಮೆಟ್ಟಿಲು ಹತ್ತಿ ಇಳಿಯುವ ಕೆಲಸವನ್ನು ನಾನು ಕೈಗೆತ್ತಿಕೊಂಡೆ.

ಮೊದಲು ಮಾಡಿದ್ದು, ಅವರಲ್ಲಿ ಏನಾದರೂ ಕೇಳಿದ್ದು. ತಿಂಡಿಯ ಡಬ್ಬಿ ಹಿಡಿದು ಹೋದರೆ ನಮ್ಮಲ್ಲಿ ಅದನ್ನು ಖಾಲಿ ವಾಪಸ್ ಕೊಡುವಂತಿಲ್ಲ. ಒಬ್ಬಂಟಿ ಹುಡುಗರಿಗೆ ಅದೇ ಭಾರ. ಎದುರು ಮನೆ ಮೂರನೇ ಮಹಡಿಯ ಹುಡುಗರ ಹತ್ತಿರ ಡ್ರಿಲ್ಲಿಂಗ್ ಮೆಷಿನ್ ಇತ್ತು. ದೇವರ ಪಟ ತಗುಲಿಸಬೇಕು, ಕೊಡ್ತೀರಾ ಅಂದೆ. ಮೆಷಿನ್ ಜೊತೆ ಅವರೇ ಬಂದರು, ಗೋಡೆ ಕೊರೆದರು, ಕಾಫಿ ಕುಡಿದರು. ಮಾರನೇ ದಿನ ಅವರಲ್ಲೊಬ್ಬ, 'ಆಂಟಿ, ಪಾರ್ಸಲ್ ಬರುತ್ತೆ, ತೆಗೆದಿಟ್ಟುಕೊಳ್ತೀರಾ?' ಅಂದ. ನಾನು ಮೊದಲು ಕೇಳಿದ್ದರಿಂದಲೇ ಅವನಿಗೂ ಕೇಳುವ ಸಲಿಗೆ ಬಂತು ಅಂತ ನಂಬಿದ್ದೇನೆ.

2024ರ ಬೇಸಿಗೆ ಇದನ್ನು ಇನ್ನೂ ಗಟ್ಟಿ ಮಾಡಿತು. ಬೋರ್‌ವೆಲ್‌ಗಳು ಒಣಗಿದವು, ಟ್ಯಾಂಕರ್ ದರ ಏರಿತು. ಮಾರ್ಚ್‌ನಲ್ಲಿ ಸರ್ಕಾರವೇ ದರ ನಿಗದಿ ಮಾಡಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. ದೊಡ್ಡ ಟ್ಯಾಂಕರೇ ಅಗ್ಗ, ಆದರೆ ನಮ್ಮಂಥ ಮನೆಯ ಸಂಪಿಗೆ ಅಷ್ಟು ನೀರು ಹಿಡಿಯಲ್ಲ. ಹಾಗಾಗಿ ಎರಡೆರಡು ಮನೆ ಜೊತೆ ಮಾಡಿಕೊಂಡು ಒಂದು ಟ್ಯಾಂಕರ್ ತರಿಸತೊಡಗಿದೆವು. ಓನರುಗಳು ಹೊಂದಿಸಿಕೊಂಡದ್ದು ಒಂದು ಕಡೆ. ಸಂಪಿನ ನೀರು ಎಷ್ಟಿದೆ, ಮೋಟರ್ ಯಾವಾಗ ಹಾಕಬೇಕು ಅಂತ ಮೇಲಿನವರಿಗೂ ದಿನಾ ತಿಳಿಸಬೇಕಾಯಿತು. ನೀರಿಲ್ಲ ಅನ್ನುವುದನ್ನು ಮುಚ್ಚಿಡದೆ ಹೇಳಿದಾಗ ಯಾರೂ ಜಗಳಕ್ಕೆ ಬರಲಿಲ್ಲ, ಬಟ್ಟೆ ಒಗೆಯುವ ದಿನಗಳನ್ನು ತಾವೇ ಹಂಚಿಕೊಂಡರು.

ಹಬ್ಬಗಳ ವಿಷಯಕ್ಕೆ ಬಂದರೆ, ನನ್ನ ಮಟ್ಟಿಗೆ ಸಂಕ್ರಾಂತಿಗೆ ಎಳ್ಳು ಬೀರುವುದಕ್ಕೆ ಸಮನಾದದ್ದು ಇಲ್ಲ. ವರಮಹಾಲಕ್ಷ್ಮಿಯ ಅರಿಶಿನ-ಕುಂಕುಮಕ್ಕೆ ಮುತ್ತೈದೆಯರನ್ನು ಕರೆಯುತ್ತೇವೆ, ಗಂಡ ತೀರಿಕೊಂಡವರು, ಒಂಟಿ ಹುಡುಗರು, ಬೇರೆ ಧರ್ಮದವರು ಹೊರಗೇ ಉಳಿಯುತ್ತಾರೆ. ನನಗದು ನೋವು ಕೊಡುತ್ತದೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಕಡಲೆಕಾಯಿ ಬೀಜದ ಪೊಟ್ಟಣ, ಒಂದು ಸಕ್ಕರೆ ಅಚ್ಚು, ಕಬ್ಬಿನ ತುಂಡು: ಇದನ್ನು ಯಾರ ಬಾಗಿಲಿಗಾದರೂ ಒಯ್ಯಬಹುದು. ಮೊದಲು ನಮ್ಮ ಹೆಣ್ಣುಮಕ್ಕಳು ಬೀರಲು ಹೋಗುತ್ತಿದ್ದದ್ದು ಕೆಳಗಿನ ಮನೆಗಳಿಗೆ ಮಾತ್ರ. ಈಗ ಎಷ್ಟು ಕಾಲಿಂಗ್ ಬೆಲ್ ಇದೆಯೋ ಅಷ್ಟು ಪೊಟ್ಟಣ. ಕೊಬ್ಬರಿ ಹೆಚ್ಚುವ ಕೆಲಸ ಬಲು ನಿಧಾನದ್ದು. ಸಂಕ್ರಾಂತಿಗೆ ಮುಂಚಿನ ಭಾನುವಾರಗಳಲ್ಲಿ ನಮ್ಮ ತಾರಸಿಯ ಮೇಲೆ ಚಾಪೆ ಹಾಸಿ ಎಲ್ಲರನ್ನೂ ಕರೆಯುತ್ತೇನೆ. ಕೈ ಕೆಲಸದಲ್ಲಿದ್ದಾಗ ಬರುವ ಮಾತೇ ಬೇರೆ. ಊರು, ಸಂಬಳ, ಅತ್ತೆ, ಮಂಡಿನೋವು, ಎಲ್ಲ ಬರುತ್ತದೆ.

ಪಕ್ಕದ ಮನೆ ಮೇಲಿದ್ದ ಗದಗಿನ ದಂಪತಿ ಇದಕ್ಕೆ ಇನ್ನೊಂದನ್ನು ಸೇರಿಸಿದರು. ವಿಜಯದಶಮಿ ಸಂಜೆ ಬನ್ನಿ ಎಲೆ ಹಿಡಿದು ಮನೆ ಮನೆಗೆ ಬಂದು, 'ಬಂಗಾರ ತಗೊಂಡು ಬಂಗಾರದಂಗ ಇರೋಣ್ರೀ' ಅಂತ ಹಿರಿಯರ ಕಾಲಿಗೆ ಬಿದ್ದರು. ನಮ್ಮ ಕಡೆ ಬನ್ನಿ ಮರಕ್ಕೆ ಪೂಜೆ ಉಂಟು, ಎಲೆ ಹಂಚುವುದು ಹೊಸದು. ಯಾರ ಜೊತೆಯೂ ಸೇರದ ಮೂಲೆ ಮನೆಯ ಯಜಮಾನರು ಆ ಎಲೆಯನ್ನು ಜೇಬಿಗಿಟ್ಟುಕೊಂಡು ಅವರನ್ನು ಒಳಗೆ ಕರೆದು ಕೂರಿಸಿದರು. ದಂಪತಿ ಈಗ ಹುಬ್ಬಳ್ಳಿಯಲ್ಲಿದ್ದಾರೆ, ಬನ್ನಿ ಹಂಚುವುದು ನಮ್ಮಲ್ಲೇ ಉಳಿದಿದೆ.

ವಾಟ್ಸಾಪ್ ಗುಂಪೂ ಇದೆ. ನೀರು, ಕರೆಂಟು, ಕಸದ ಆಟೋ, ಕಾಣೆಯಾದ ಬೀಗದ ಕೈ, ಇಷ್ಟಕ್ಕೇ ಅದು. ಪಾರ್ಕಿಂಗ್ ಜಗಳವನ್ನು ಅಲ್ಲಿ ಬರೆಯಬಾರದು, ಗೇಟಿಗೆ ಹೋಗಿ ಎದುರೆದುರು ಮಾತಾಡಬೇಕು ಅಂತ ನಿಯಮ ಮಾಡಿದ್ದೇವೆ. ಬರೆದ ಸಿಟ್ಟು ಎಲ್ಲರ ಫೋನಿನಲ್ಲೂ ಉಳಿದುಬಿಡುತ್ತದೆ.

ಯಾರಾದರೂ ಹೊಸದಾಗಿ ಸಾಮಾನು ಇಳಿಸಿದ ದಿನ ನಾನೋ ಎದುರು ಮನೆಯವರೋ ಹೋಗಿ ಒಂದು ಚೀಟಿ ಕೊಟ್ಟುಬರುತ್ತೇವೆ. ಕಾವೇರಿ ನೀರು ಬರುವ ದಿನ, ಹಸಿ ಕಸ ಒಣ ಕಸದ ಹೊತ್ತು, ಹಾಲಿನವರ ಮತ್ತು ಪ್ಲಂಬರ್ ನಂಬರ್, ರಾತ್ರಿ ತುರ್ತಿಗೆ ಕಾರು ಇರುವ ಎರಡು ಮನೆ. ಹಿಂದಿರುಗುವ ಮುಂಚೆ ಅವರಿಂದಲೂ ಒಂದು ಕೇಳಿಕೊಳ್ಳುತ್ತೇನೆ: ನಾವು ಊರಿಗೆ ಹೋದಾಗ ತುಳಸಿಗೆ ನೀರು ಹಾಕ್ತೀರಾ?