ಡ್ರೋನ್ ಬಿದ್ದರೂ ಕ್ಯಾಮೆರಾ ಉಳಿಸಿಕೊಳ್ಳುವುದು ಹೇಗೆ?

ಗುಬ್ಬಿ ಕಡೆಯ ಒಂದು ತೆಂಗಿನ ತೋಟ. ತೋಟದ ನಡುವೆ ಹೊಸ ಮನೆ, ಗೃಹಪ್ರವೇಶದ ವಿಡಿಯೊ ಮಾಡಬೇಕಿತ್ತು. ಎರಡು ಸಾಲು ಮರಗಳ ನಡುವೆ ಡ್ರೋನನ್ನು ಆಳೆತ್ತರದಲ್ಲಿ ಮೆಲ್ಲಗೆ ಒಯ್ಯುತ್ತಿದ್ದೆ. ಸಿಗ್ನಲ್ ಕಡಿದುಹೋಯಿತು. ಡ್ರೋನ್ ತಾನಾಗಿ ವಾಪಸ್ ಬರಲು ಹೊರಟಿತು. ಹಾಗೆ ಹೊರಡುವಾಗ ಅದು ಮೊದಲು ನೆಟ್ಟಗೆ ಮೇಲೇರುತ್ತದೆ. ಮೇಲೆ ಗರಿ ಇತ್ತು.

ಕೆಳಗೆ ಬಿದ್ದದ್ದು ಉತ್ತ ಮಣ್ಣಿನ ಮೇಲೆ. ಒಂದು ರೆಕ್ಕೆ ಮುರಿದಿತ್ತು, ಅಷ್ಟೇ ಅಂದುಕೊಂಡೆ. ಎತ್ತಿಕೊಂಡು ಮಣ್ಣು ಕೊಡವಿದೆ. ಕೆಲಸ ಮಾಡುತ್ತಾ ನೋಡೋಣ ಅಂತ ತಕ್ಷಣ ಪವರ್ ಒತ್ತಿದೆ. ಕ್ಯಾಮೆರಾ ಅಲುಗಲಿಲ್ಲ. ಜೇನು ಗುಂಯ್‌ಗುಟ್ಟಿದಂಥ ಸದ್ದು ಬಂತು. ಆಫ್ ಮಾಡಿ ಮತ್ತೆ ಆನ್ ಮಾಡಿದೆ. ಮೂರನೇ ಸಲಕ್ಕೆ ಆ ಸದ್ದೂ ನಿಂತುಹೋಯಿತು. ರಿಪೇರಿ ಮಾಡುವವರು ಬಿಚ್ಚಿ ತೋರಿಸಿದರು. ಬಿದ್ದದ್ದರಿಂದ ಆಗಿದ್ದು ಒಂದು ರಬ್ಬರ್ ಕಳಚಿದ್ದು ಮಾತ್ರ. ಕ್ಯಾಮೆರಾ ತಿರುಗಿಸುವ ಮೋಟಾರಿನ ಸಂದಿಯಲ್ಲಿ ಒಂದು ಪುಟ್ಟ ಕಲ್ಲು ಸಿಕ್ಕಿಕೊಂಡಿತ್ತು. ಮೋಟಾರ್ ಸುಟ್ಟದ್ದು ನಾನು ಪವರ್ ಕೊಟ್ಟದ್ದರಿಂದ.

ಅದಾದ ಮೇಲೆ ಮದುವೆ, ಜಾತ್ರೆ, ತೋಟ ಅಂತ ತುಮಕೂರು ಜಿಲ್ಲೆಯಲ್ಲಿ ಬಹಳ ಕಡೆ ಹಾರಿಸಿದ್ದೇನೆ. ನಾನು ಕಂಡಂತೆ ಗಿಂಬಲ್, ಅಂದರೆ ಕ್ಯಾಮೆರಾ ಹಿಡಿದ ತೋಳು, ಹಾಳಾಗುವುದು ಆಕಾಶದಲ್ಲಲ್ಲ. ನೆಲದಿಂದ ಮೊಣಕಾಲೆತ್ತರದ ಒಳಗೆ, ಇಲ್ಲವೇ ಬಿದ್ದ ನಂತರದ ಐದು ನಿಮಿಷದಲ್ಲಿ. ಈ ಎರಡೂ ನಮ್ಮ ಕೈಯಲ್ಲೇ ಇವೆ.

ಗಿಂಬಲ್ ಅಂದರೆ ಏನು, ಯಾಕೆ ಅಷ್ಟು ನಾಜೂಕು?

ಡ್ರೋನ್ ಎಷ್ಟೇ ಓಲಾಡಿದರೂ ವಿಡಿಯೊ ಅಲುಗದಂತೆ ಕ್ಯಾಮೆರಾವನ್ನು ಹಿಡಿದು ನಿಲ್ಲಿಸುವ ತೋಳೇ ಗಿಂಬಲ್. ಅದರಲ್ಲಿ ಸಾಮಾನ್ಯವಾಗಿ ಮೂರು ಪುಟ್ಟ ಮೋಟಾರ್. ಒಂದು ಕ್ಯಾಮೆರಾವನ್ನು ಮೇಲೆ ಕೆಳಗೆ ಬಾಗಿಸುತ್ತದೆ, ಒಂದು ಎಡಕ್ಕೆ ಬಲಕ್ಕೆ ತಿರುಗಿಸುತ್ತದೆ, ಇನ್ನೊಂದು ಓರೆಯಾಗದಂತೆ ನೋಡಿಕೊಳ್ಳುತ್ತದೆ. ಈ ಇಡೀ ತೋಳು ಡ್ರೋನಿನ ಮೈಗೆ ಸ್ಕ್ರೂ ಹಾಕಿ ಬಿಗಿದಿರುವುದಿಲ್ಲ. ಬಟಾಣಿ ಗಾತ್ರದ ಮೆತ್ತನೆ ರಬ್ಬರುಗಳ ಮೇಲೆ ತೂಗುತ್ತಿರುತ್ತದೆ. ರೆಕ್ಕೆಗಳ ನಡುಕ ಕ್ಯಾಮೆರಾಗೆ ತಲುಪದಿರಲಿ ಅಂತ ಈ ಏರ್ಪಾಡು. ಬಿದ್ದಾಗ ಮೊದಲು ಕಳಚುವುದೂ ಈ ರಬ್ಬರೇ.

ಇನ್ನೊಂದು ರಿಬ್ಬನ್ ಕೇಬಲ್. ಕಾಗದದಷ್ಟು ತೆಳು, ಮಡಿಸಿದ ಪಟ್ಟಿಯಂತೆ ತೋಳಿನೊಳಗೆ ಸುತ್ತಿಕೊಂಡು ಹೋಗಿರುತ್ತದೆ. ಕ್ಯಾಮೆರಾ ಜೋತುಬಿದ್ದರೆ ಪೂರ್ತಿ ಭಾರ ಇದರ ಮೇಲೆ. ಕೂದಲೆಳೆಯಷ್ಟು ಹರಿದರೂ ಸಾಕು, ಚಿತ್ರ ಬರುವುದಿಲ್ಲ.

2022ರ ಫೆಬ್ರವರಿಯಿಂದ ಹೊರದೇಶದ ಸಿದ್ಧ ಡ್ರೋನ್‌ಗಳ ಆಮದಿಗೆ ನಮ್ಮಲ್ಲಿ ನಿಷೇಧವಿದೆ. ಬಿಡಿಭಾಗ ತರಿಸಬಹುದು. ಆದರೆ ಸರಿಯಾದ ಮಾಡೆಲ್‌ನ ಗಿಂಬಲ್ ಸಿಗುವ ತನಕ ಕಾಯುವವರು ನಾವೇ ಅಲ್ವಾ?

ಹೊರಡುವ ಮೊದಲು

ಡ್ರೋನಿನ ಜೊತೆ ಬಂದ ಪ್ಲಾಸ್ಟಿಕ್ ಗಿಂಬಲ್ ಕವರನ್ನು ಎಸೆಯಬೇಡಿ. ಬೈಕಿನಲ್ಲಿ ಒಯ್ಯುವವರಿಗೆ ಇದು ತುಂಬಾ ಮುಖ್ಯ. ನಮ್ಮ ಹಳ್ಳಿ ರಸ್ತೆಯ ಗುಂಡಿಗಳಲ್ಲಿ ಕವರ್ ಇಲ್ಲದ ಕ್ಯಾಮೆರಾ ಒಳಗೊಳಗೇ ಬಡಿದುಕೊಂಡು ರಬ್ಬರ್ ಸಡಿಲವಾಗುತ್ತದೆ. ಬ್ಯಾಗನ್ನು ಬೈಕಿನ ಕ್ಯಾರಿಯರ್‌ಗೆ ಬಿಗಿಯದೆ ಬೆನ್ನಿಗೆ ಹಾಕಿಕೊಳ್ಳಿ.

ಕವರ್ ಹಾಕುವುದಕ್ಕೂ ತೆಗೆಯುವುದಕ್ಕೂ ಕ್ರಮ ಇದೆ. ಮೊದಲು ಕವರ್ ತೆಗೆಯಿರಿ, ಆಮೇಲೆ ಪವರ್. ವಾಪಸ್ ಬರುವಾಗ ಮೊದಲು ಪವರ್ ಆಫ್, ಆಮೇಲೆ ಕವರ್. ಆನ್ ಆದ ಕೂಡಲೇ ಗಿಂಬಲ್ ತನ್ನನ್ನು ತಾನೇ ಎಲ್ಲ ಕಡೆ ತಿರುಗಿಸಿ ಪರೀಕ್ಷೆ ಮಾಡಿಕೊಳ್ಳುತ್ತದೆ. ಕವರ್ ಇದ್ದರೆ ಮೋಟಾರ್ ಗೋಡೆಗೆ ತಲೆ ಒತ್ತಿ ನಿಂತಂತೆ.

ಲೆನ್ಸಿನ ಮುಂದೆ ಹಾಕುವ ಫಿಲ್ಟರ್ ಗೀರು ತಡೆಯುತ್ತದೆ, ನಿಜ. ಆದರೆ ನಿಮ್ಮ ಮಾಡೆಲ್‌ಗೆಂದೇ ಮಾಡಿದ್ದನ್ನು ಮಾತ್ರ ಹಾಕಿ. ಅಗ್ಗಕ್ಕೆ ಸಿಕ್ಕಿತು ಅಂತ ಭಾರದ್ದು ಹಾಕಿದರೆ ಮೋಟಾರ್ ಇಡೀ ಹೊತ್ತು ಆ ಭಾರ ಎತ್ತುತ್ತಾ ಬಿಸಿಯಾಗುತ್ತದೆ. ರೆಕ್ಕೆಗೆ ಹಾಕುವ ಗಾರ್ಡ್ ಕಲ್ಯಾಣ ಮಂಟಪದ ಒಳಗೆ ಒಳ್ಳೆಯದು, ಬಯಲ ಗಾಳಿಯಲ್ಲಿ ತೊಂದರೆ ಕೊಡುತ್ತದೆ. 249 ಗ್ರಾಂನ ಪುಟ್ಟ ಡ್ರೋನ್ ಇದ್ದವರು ಇನ್ನೊಂದು ನೆನಪಿಡಿ. 2021ರ ಡ್ರೋನ್ ನಿಯಮದ ಪ್ರಕಾರ 250 ಗ್ರಾಂವರೆಗೆ ಮಾತ್ರ ನ್ಯಾನೊ, ಅಂದರೆ ಅತಿ ಹಗುರದ ವರ್ಗ. ಗಾರ್ಡೊ ಕಾಲೊ ಸೇರಿಸಿ ಅದನ್ನು ದಾಟಿದರೆ ಅದು ಮೈಕ್ರೊ ವರ್ಗಕ್ಕೆ ಹೋಗುತ್ತದೆ.

ಎಲ್ಲಿ ಹಾರಿಸಬಹುದು ಅಂತ ಡಿಜಿಟಲ್ ಸ್ಕೈ ಅನ್ನುವ ಸರ್ಕಾರಿ ಡ್ರೋನ್ ಜಾಲತಾಣದ ನಕ್ಷೆಯಲ್ಲಿ ನೋಡಿಯೇ ಹೊರಡಿ. ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, ದೇವರಾಯನದುರ್ಗ ಕಾಡಿನ ಜಾಗ. ತೋಟದಲ್ಲಿ ಹಾರಿಸಿದ ಹಾಗೆ ಎಲ್ಲೆಂದರಲ್ಲಿ ಆಗುವುದಿಲ್ಲ.

ಏರುವ, ಇಳಿಯುವ ಜಾಗ

ಚಿಕ್ಕ ಡ್ರೋನಿನ ಕ್ಯಾಮೆರಾ ನೆಲಕ್ಕೆ ಎರಡು ಮೂರು ಬೆರಳಿನಷ್ಟೇ ಮೇಲಿರುತ್ತದೆ. ರಾಗಿ ಕೊಯ್ದ ಹೊಲದ ಕೂಳೆ ಅದಕ್ಕಿಂತ ಎತ್ತರ. ಗರಿಕೆ ಕೂಡ ಎತ್ತರವೇ. ಇಳಿಯುವಾಗ ಒಂದು ಕಡ್ಡಿ ತೋಳಿನ ಸಂದಿಗೆ ಹೋದರೆ ಗಿಂಬಲ್ ಲಾಕ್.

ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಹಳೆಯ ಗೋಣಿತಾಟು ಇರುತ್ತದೆ. ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಇಟ್ಟರೆ ಆಯಿತು. ಎಳೆ ಬಿಟ್ಟಿರುವ ಅಂಚನ್ನು ಒಳಕ್ಕೆ ಮಡಿಸಿ ಹೊಲಿಸಿಕೊಳ್ಳಿ. ಕಲ್ಲು ಇಡದಿದ್ದರೆ ರೆಕ್ಕೆಯ ಗಾಳಿಗೆ ತಾಟೇ ಎದ್ದು ಕ್ಯಾಮೆರಾಗೆ ಸುತ್ತಿಕೊಳ್ಳುತ್ತದೆ.

ಬರೀ ಮಣ್ಣಿನ ಮೇಲೆ ಯಾಕೆ ಬೇಡ ಅಂದರೆ, ಚಿಕ್ಕನಾಯಕನಹಳ್ಳಿ ಕಡೆ ಕಬ್ಬಿಣದ ಅದಿರಿನ ಗಣಿಗಳಿವೆ. ಆ ಕಡೆಯ ಮಣ್ಣಿನಲ್ಲಿ ಒಂದು ಆಯಸ್ಕಾಂತ ಆಡಿಸಿ ನೋಡಿ. ಕಪ್ಪು ಪುಡಿ ಗಡ್ಡದಂತೆ ಅಂಟಿಕೊಂಡು ಬರುತ್ತದೆ. ಶಾಲೆಯಲ್ಲಿ ನಾವೆಲ್ಲ ಆಡಿದ ಆಟವೇ. ಡ್ರೋನಿನ ಮೋಟಾರುಗಳಲ್ಲಿ ಇರುವುದೂ ಆಯಸ್ಕಾಂತ. ಧೂಳೆದ್ದಾಗ ಆ ಪುಡಿಯನ್ನು ಅವು ಎಳೆದುಕೊಳ್ಳುತ್ತವೆ, ಊದಿದರೆ ಬಿಡುವುದಿಲ್ಲ. ಗಿಂಬಲ್ ಮೋಟಾರಿನ ಸಂದಿ ಇನ್ನೂ ಕಿರಿದು.

ಏರಿದ ಕೂಡಲೇ ಮುಂದಕ್ಕೆ ನುಗ್ಗಿಸಬೇಡಿ. ಎರಡು ಆಳೆತ್ತರದಲ್ಲಿ ಅರ್ಧ ನಿಮಿಷ ನಿಲ್ಲಿಸಿ. ಅತ್ತಿತ್ತ ಜಾರುತ್ತಿದೆಯಾ, ಚಿತ್ರ ನಡುಗುತ್ತಿದೆಯಾ ನೋಡಿ. ಇಳಿಸುವಾಗ ಕ್ಯಾಮೆರಾ ಕೆಳಗೆ ನೋಡುತ್ತಿದ್ದರೆ ಮೊದಲು ನೇರಕ್ಕೆ ತನ್ನಿ. ಕೈಯಲ್ಲಿ ಹಿಡಿದು ಇಳಿಸುವುದನ್ನು ಹೊಸಬರು ಮಾಡಲೇಬೇಡಿ, ಬೆರಳು ಹೋಗುತ್ತದೆ.

ದೇವರಾಯನದುರ್ಗದಂಥ ಬೆಟ್ಟದ ದೇವಸ್ಥಾನಗಳ ಬಳಿ ಕೋತಿಗಳ ಕಾಟ. ಅಲ್ಲಿ ಅನುಮತಿ ಪಡೆದು ಹೋದರೂ, ತಾಟಿನ ಮೇಲೆ ಡ್ರೋನ್ ಇಟ್ಟು ಆ ಕಡೆ ತಿರುಗಬೇಡಿ. ಜೊತೆಗೊಬ್ಬರು ಇರಲಿ.

ತೋಟದಲ್ಲಿ ಹಾರಿಸುವಾಗ

ನನ್ನ ಡ್ರೋನ್ ಹೋದದ್ದೇ ಇಲ್ಲಿ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತಿಪಟೂರು, ತುರುವೇಕೆರೆ, ಗುಬ್ಬಿ ಸೀಮೆಯ ನಾಟಿ ತೆಂಗು ಹಳೆಯದಾದರೆ 20 ಮೀಟರ್ ದಾಟುತ್ತದೆ. ಸಿಗ್ನಲ್ ಕಡಿದರೆ ಅಥವಾ ಬ್ಯಾಟರಿ ಇಳಿದರೆ ಡ್ರೋನ್ ಮೊದಲು ನೀವು ಹೇಳಿಟ್ಟ ಎತ್ತರಕ್ಕೆ ಏರುತ್ತದೆ, ಆಮೇಲೆ ಹೊರಟ ಜಾಗಕ್ಕೆ ಬರುತ್ತದೆ. ಮರದ ಮೇಲೆ ಹಾರಿಸುವಾಗ ಆ ಎತ್ತರ 40 ಮೀಟರ್ ಇರಲಿ. ಮರದ ಕೆಳಗೆ ಹಾರಿಸುವಾಗ ಎತ್ತರ ಎಷ್ಟಿಟ್ಟರೂ ಅಪಾಯವೇ. ಏರುವ ದಾರಿಯಲ್ಲೇ ಗರಿ ಇದೆ.

ಹಾಗಾದರೆ ಏನು ಮಾಡುವುದು? ಸೆಟ್ಟಿಂಗಿನಲ್ಲಿ ಸಿಗ್ನಲ್ ಹೋದರೆ ಏನು ಮಾಡಬೇಕು ಅನ್ನುವ ಆಯ್ಕೆ ಬಹಳಷ್ಟು ಡ್ರೋನ್‌ಗಳಲ್ಲಿ ಇದೆ. ವಾಪಸ್ ಬಾ, ಇಳಿ, ಇದ್ದಲ್ಲೇ ನಿಲ್ಲು, ಈ ಮೂರರಲ್ಲಿ ತೋಟದೊಳಗೆ ‘ಇದ್ದಲ್ಲೇ ನಿಲ್ಲು’ ಆಯ್ದುಕೊಳ್ಳಿ. ನೀವು ನಡೆದು ಹತ್ತಿರ ಹೋದರೆ ಸಿಗ್ನಲ್ ಮತ್ತೆ ಸಿಗುತ್ತದೆ. ಬ್ಯಾಟರಿ ಅರ್ಧಕ್ಕೆ ಬಂದಾಗ ತೋಟದಿಂದ ಹೊರಗೆ ತನ್ನಿ. ಕೆಲಸ ಮುಗಿದ ಮೇಲೆ ಸೆಟ್ಟಿಂಗ್ ವಾಪಸ್ ಬದಲಿಸಿ. ಮರೆತು ಬಯಲಲ್ಲಿ ಹಾರಿಸಿದರೆ ಡ್ರೋನ್ ದೂರದಲ್ಲೇ ನಿಂತುಬಿಡುತ್ತದೆ.

ಅಡೆತಡೆ ಗುರುತಿಸುವ ಸೆನ್ಸರ್ ಇದೆ ಅಂತ ನಂಬಿ ಕೂರಬೇಡಿ. ಬೋರ್‌ವೆಲ್‌ಗೆ ಎಳೆದ ಕರೆಂಟ್ ತಂತಿ, ಒಣಗಿದ ಕಡ್ಡಿ, ಗರಿಯ ತುದಿ ಅದಕ್ಕೆ ಕಾಣಿಸುವುದಿಲ್ಲ. ಮಬ್ಬು ಬೆಳಕಲ್ಲಿ ಬಹಳಷ್ಟು ಸೆನ್ಸರ್‌ಗಳಿಗೆ ಏನೂ ಕಾಣಿಸುವುದಿಲ್ಲ. ಜೋರಾಗಿ ಹಾರಿಸುವ ಸ್ಪೋರ್ಟ್ ಮೋಡ್‌ನಲ್ಲಿ ಸಾಮಾನ್ಯವಾಗಿ ಅದು ಕೆಲಸವನ್ನೇ ಮಾಡುವುದಿಲ್ಲ. ಎಷ್ಟೋ ಚಿಕ್ಕ ಡ್ರೋನ್‌ಗಳಿಗೆ ಪಕ್ಕದಲ್ಲಿ ಸೆನ್ಸರೇ ಇಲ್ಲ. ಕೆರೆಯ ನೀರಿನ ಮೇಲೆ ಕೆಳಗಿನ ಸೆನ್ಸರ್ ಮೋಸ ಹೋಗುತ್ತದೆ, ಎರಡು ಆಳಿಗಿಂತ ಕೆಳಗೆ ಇಳಿಸಬೇಡಿ.

ಆಷಾಢದ ಗಾಳಿ, ಗಾಳಿಪಟ, ಹದ್ದು

ಚಿಕ್ಕ ಡ್ರೋನ್‌ಗಳು ಸೆಕೆಂಡಿಗೆ 10 ಮೀಟರ್ ಸುಮಾರಿನ ಗಾಳಿ ತಡೆಯುತ್ತವೆ. ಅಂದರೆ ಗಂಟೆಗೆ 36 ಕಿಲೋಮೀಟರ್. ಆಷಾಢದಲ್ಲಿ ಬೆಟ್ಟದ ನೆತ್ತಿಯ ಗಾಳಿ ಅದನ್ನು ದಾಟಬಹುದು. ಕೆಳಗೆ ನಿಂತವರಿಗೆ ತಿಳಿಯುವುದಿಲ್ಲ. ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ವಾಲಿ ನಿಂತಿದ್ದರೆ ನಾನು ಬ್ಯಾಗ್ ತೆರೆಯುವುದಿಲ್ಲ. ಅದೇ ಕಾಲಕ್ಕೆ ಹುಡುಗರು ಗಾಳಿಪಟ ಹಾರಿಸುತ್ತಾರೆ. ಮಾಂಜಾ ದಾರ ರೆಕ್ಕೆಗೆ ಸುತ್ತಿದರೆ ಡ್ರೋನ್ ಕಲ್ಲಿನಂತೆ ಬೀಳುತ್ತದೆ.

ಹದ್ದು ಎರಗಿದರೆ ಪಕ್ಕಕ್ಕೆ ಓಡಿಸಬೇಡಿ, ನೆಟ್ಟಗೆ ಮೇಲೇರಿಸಿ. ಅಷ್ಟು ನೆಟ್ಟಗೆ ಅದು ಏರಲಾರದು. ಅದು ದೂರ ಸರಿದ ಮೇಲೆ ಇಳಿಸಿಬಿಡಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಅಂಥ ಕಡೆ ಡ್ರೋನ್ ತೆಗೆಯಲೇಬೇಡಿ. ಮರಿಗಳಿರುವ ಗೂಡಿನ ಮೇಲೆ ಆ ಸದ್ದು ಹೋಗಬಾರದು.

ಡಿಕ್ಕಿ ಆಗಿಯೇ ಹೋದರೆ

ಮೊದಲು ರಿಮೋಟಿನ ಸ್ಟಿಕ್ ಬಿಟ್ಟುಬಿಡಿ. ಜಿಪಿಎಸ್ ಇರುವ ಡ್ರೋನ್ ತಾನೇ ಬ್ರೇಕ್ ಹಾಕಿ ನಿಲ್ಲುತ್ತದೆ. ಗಾಬರಿಯಲ್ಲಿ ಮೇಲಕ್ಕೆ ತಳ್ಳಿದರೆ ಇನ್ನೂ ಒಳಗೆ ಸಿಕ್ಕಿಕೊಳ್ಳುತ್ತದೆ. ಗರಿಯಲ್ಲಿ ಸಿಕ್ಕಿ ಅಥವಾ ನೆಲದಲ್ಲಿ ಮಗುಚಿ ರೆಕ್ಕೆ ಇನ್ನೂ ಬಡಿಯುತ್ತಿದ್ದರೆ ಮೋಟಾರ್ ನಿಲ್ಲಿಸಿ. ಸಾಮಾನ್ಯವಾಗಿ ಎರಡೂ ಸ್ಟಿಕ್‌ಗಳನ್ನು ಕೆಳಗೆ ಒಳಮುಖವಾಗಿ ಒಟ್ಟಿಗೆ ಎಳೆದು ಹಿಡಿಯಬೇಕು. ನಿಮ್ಮ ಡ್ರೋನಿಗೆ ಅದು ಹೇಗೆ ಅಂತ ಇವತ್ತೇ ಕೈಪಿಡಿಯಲ್ಲಿ ನೋಡಿಟ್ಟುಕೊಳ್ಳಿ.

ಮರದಲ್ಲಿ ನಿಂತರೆ ದೋಟಿಯಿಂದ ಚುಚ್ಚಿ ಬೀಳಿಸಬೇಡಿ. ಅಲ್ಲಿ ಗಟ್ಟಿಯಾಗಿ ಕೂತಿರುವ ಕ್ಯಾಮೆರಾ ಕೆಳಗೆ ಬಿದ್ದಾಗಲೇ ಒಡೆಯುವುದು. ಕಾಯಿ ಕೀಳುವವರನ್ನು ಕರೆಯಿರಿ, ಕೆಳಗೆ ನಾಲ್ಕು ಜನ ದುಪ್ಪಟಿ ಹಿಡಿದು ನಿಲ್ಲಿ. ಕರೆಂಟ್ ತಂತಿಯ ಮೇಲಿದ್ದರೆ ಯಾರೂ ಮುಟ್ಟಬೇಡಿ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಮಾಡಿ ಅವರೇ ತೆಗೆಯಲಿ.

ಬಿದ್ದ ಮೇಲಿನ ಐದು ನಿಮಿಷ

ಕೈಗೆ ಸಿಕ್ಕ ಕೂಡಲೇ ಬ್ಯಾಟರಿ ತೆಗೆಯಿರಿ. ಬ್ಯಾಟರಿ ಉಬ್ಬಿದೆಯಾ, ಬಿಸಿ ಇದೆಯಾ ನೋಡಿ. ಹಾಗಿದ್ದರೆ ಒಣಹುಲ್ಲು, ಗರಿಗಳಿಂದ ದೂರ ಬರೀ ನೆಲದ ಮೇಲಿಡಿ. ಡ್ರೋನನ್ನು ಕೊಡವಬೇಡಿ. ಕೊಡವಿದಾಗ ಮೇಲಿದ್ದ ಮರಳು ಒಳಗೆ ಹೋಗುತ್ತದೆ. ಕ್ಯಾಮೆರಾ ಕೆಳಮುಖವಾಗಿ ಹಿಡಿದು ಊದುವ ರಬ್ಬರ್ ಬಲ್ಬ್‌ನಿಂದ ಮೆಲ್ಲಗೆ ಊದಿ. ಬಾಯಿಂದ ಊದಿದರೆ ಎಂಜಲು ಸೇರಿ ಧೂಳು ಕೆಸರಾಗುತ್ತದೆ. ಸಂದಿಯ ಕಡ್ಡಿ, ಕಲ್ಲನ್ನು ಮೆತ್ತನೆ ಬ್ರಷ್‌ನಿಂದ ತೆಗೆಯಿರಿ.

ಈಗ ರಬ್ಬರುಗಳನ್ನು ಒಂದೊಂದಾಗಿ ಎಣಿಸಿ. ಒಂದು ಕಡೆ ಗಿಂಬಲ್ ತಗ್ಗಿದ್ದರೆ ಅಲ್ಲಿನದು ಕಳಚಿದೆ. ಹರಿಯದಿದ್ದರೆ ಮೊಂಡು ಚಿಮಟದಿಂದ ತುದಿ ಹಿಡಿದು ತೂತಿನೊಳಗೆ ಮತ್ತೆ ಎಳೆದು ಕೂರಿಸಬಹುದು. ಆಮೇಲೆ ಟಾರ್ಚ್ ಬಿಟ್ಟು ರಿಬ್ಬನ್ ಕೇಬಲ್ ನೋಡಿ. ಅಂಚಿನಲ್ಲಿ ಬಿರುಕು, ಹೊಸ ಮಡಿಕೆ ಕಂಡರೆ ಅಲ್ಲಿಗೇ ನಿಲ್ಲಿಸಿ. ರಿಪೇರಿಗೆ ಕೊಡಿ.

ಎಲ್ಲ ಸರಿ ಕಂಡರೆ ಒಂದೇ ಬೆರಳಿನಲ್ಲಿ ಕ್ಯಾಮೆರಾವನ್ನು ಮೆಲ್ಲಗೆ ಮೂರೂ ಕಡೆಗೆ ತಿರುಗಿಸಿ. ಎಣ್ಣೆ ಹಾಕಿದ ಬಾಗಿಲಿನಂತೆ ಸಲೀಸಾಗಿ ಹೋಗಬೇಕು. ಎಲ್ಲಾದರೂ ಕರ್ ಅಂದರೆ, ತಡೆದರೆ ಬಲ ಹಾಕಬೇಡಿ. ಅಲ್ಲಿ ಇನ್ನೂ ಏನೋ ಇದೆ.

ಇಷ್ಟಾದ ಮೇಲೆ ಮಾತ್ರ ರೆಕ್ಕೆಗಳನ್ನು ಬಿಚ್ಚಿಟ್ಟು, ಸಮತಟ್ಟಾದ ಜಾಗದಲ್ಲಿಟ್ಟು ಪವರ್ ಕೊಡಿ. ಗಿಂಬಲ್ ಒಂದು ಸುತ್ತು ಆಡಿ ನೇರಕ್ಕೆ ಬಂದು ನಿಲ್ಲಬೇಕು. ಗುಂಯ್‌ಗುಟ್ಟಿದರೆ, ನಡುಗಿದರೆ, ಮೊಬೈಲಿನಲ್ಲಿ ಗಿಂಬಲ್ ಓವರ್‌ಲೋಡ್ ಅಂತ ಬಂದರೆ ತಕ್ಷಣ ಆಫ್. ಎರಡನೇ ಸಲ ಒತ್ತಬೇಡಿ. ನೀರಿಗೆ ಬಿದ್ದಿದ್ದರೆ ಮೊದಲನೇ ಸಲವೂ ಬೇಡ. ಅಕ್ಕಿ ಡಬ್ಬಿಯಲ್ಲಿ ಇಡುವುದರಿಂದ ಒಳಗಿನ ತೇವ ಹೋಗುವುದಿಲ್ಲ, ನೇರ ರಿಪೇರಿಗೆ ಒಯ್ಯಿರಿ.

ಸರಿಯಾಗಿ ನಿಂತರೂ ದಿಗಂತ ಓರೆ ಕಂಡರೆ ಆ್ಯಪ್‌ನಲ್ಲಿ ಗಿಂಬಲ್ ಕ್ಯಾಲಿಬ್ರೇಷನ್ ಮಾಡಿ, ಅಂದರೆ ಅದರ ಮಟ್ಟವನ್ನು ಮತ್ತೆ ಹೊಂದಿಸಿ. ಮನೆಯೊಳಗಿನ ಸಮತಟ್ಟಾದ ಮೇಜು ಇದಕ್ಕೆ ಒಳ್ಳೆಯದು. ಮುಗಿಯುವ ತನಕ ಮೇಜು ಮುಟ್ಟಬೇಡಿ.

ರೆಕ್ಕೆ ಮುರಿದಿದ್ದರೆ ಅದೊಂದನ್ನೇ ಬದಲಿಸದೆ ಅದೇ ಮೋಟಾರಿನ ಮೇಲಿನ ಜೋಡಿ ರೆಕ್ಕೆಯನ್ನೂ ಬದಲಿಸಿ. ಅಂಚಿನಲ್ಲಿ ಉಗುರು ಆಡಿಸಿ ನೋಡಿ, ತರಚಿದ್ದು ಕಣ್ಣಿಗಿಂತ ಉಗುರಿಗೆ ಬೇಗ ತಿಳಿಯುತ್ತದೆ. ಆಮೇಲೆ ಗೋಣಿತಾಟಿನ ಮೇಲಿಂದ ಎರಡು ಆಳೆತ್ತರಕ್ಕೆ ಏರಿಸಿ, ಎರಡು ನಿಮಿಷ ರೆಕಾರ್ಡ್ ಮಾಡಿ ಇಳಿಸಿ. ಆ ವಿಡಿಯೊವನ್ನು ಮನೆಗೆ ಹೋಗಿ ದೊಡ್ಡ ಪರದೆಯಲ್ಲಿ ನೋಡಿ. ವಿದ್ಯುತ್ ಕಂಬವೋ ಗೋಡೆಯ ಅಂಚೋ ನೀರಿನಲ್ಲಿ ಕಂಡಂತೆ ಬಳುಕುತ್ತಿದ್ದರೆ ರೆಕ್ಕೆ ಇನ್ನೂ ಸರಿ ಇಲ್ಲ, ಇಲ್ಲವೇ ಒಂದು ರಬ್ಬರ್ ಸೋತಿದೆ. ನೆಟ್ಟಗೆ ನಿಂತಿದ್ದರೆ ಮುಂದಿನ ಕೆಲಸಕ್ಕೆ ಒಯ್ಯಬಹುದು.