ಡ್ಯಾಶ್‌ಕ್ಯಾಮ್ ವಿಡಿಯೊ ಕೋರ್ಟಿನವರೆಗೂ ಉಳಿಯಬೇಕಾದರೆ

ಮದ್ದೂರಿನ ಹತ್ತಿರ ಸರ್ವೀಸ್ ರಸ್ತೆಯಲ್ಲಿ, ತಪ್ಪು ದಿಕ್ಕಿನಿಂದ ಬಂದ ಕಬ್ಬಿನ ಟ್ರ್ಯಾಕ್ಟರ್ ನನ್ನ ಭಾಮೈದನ ಕಾರಿಗೆ ಗುದ್ದಿತು. ಕೈಮೂಳೆ ಮುರಿಯಿತು. ಮುಂದಿನ ಗಾಜಿನ ಹಿಂದೆ ಕೂತು ರಸ್ತೆಯನ್ನು ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ ಇತ್ತಲ್ಲ ಅಂತ ಎಲ್ಲರೂ ಧೈರ್ಯವಾಗಿದ್ದೆವು. ಕಾರು ಓಡುವ ಸ್ಥಿತಿಯಲ್ಲಿತ್ತು, ಮನೆಯವರು ಅದನ್ನೇ ಎರಡು ದಿನ ಆಸ್ಪತ್ರೆಗೆ ಓಡಿಸಿದರು. ಮೂರನೇ ದಿನ ಅದರ ಮೆಮೊರಿ ಕಾರ್ಡ್ ತೆಗೆದು ನೋಡಿದರೆ ಅದರಲ್ಲಿದ್ದದ್ದು ಹಿನಕಲ್ ಫ್ಲೈಓವರ್ ಮೇಲಿನ ಓಡಾಟ ಮಾತ್ರ. ಅಪಘಾತದ ದೃಶ್ಯ ಅಳಿಸಿಹೋಗಿತ್ತು.

ಮೊದಲ ಕೆಲಸ, ಗಾಯಾಳುಗಳನ್ನು ನೋಡಿ. 112ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೂ.

ಆಮೇಲೆ ಕ್ಯಾಮೆರಾ ನಿಲ್ಲಿಸಿ. ಎಲ್ಲರೂ ಎಡವುವುದು ಇಲ್ಲೇ. ಡ್ಯಾಶ್‌ಕ್ಯಾಮ್ ಒಂದು, ಮೂರು ಅಥವಾ ಐದು ನಿಮಿಷದ ತುಂಡುಗಳಾಗಿ ರೆಕಾರ್ಡ್ ಮಾಡುತ್ತದೆ. ಕಾರ್ಡ್ ತುಂಬಿದರೆ ಹಳೆಯ ತುಂಡಿನ ಮೇಲೆ ಹೊಸದು ಬರೆಯುತ್ತದೆ. 32 ಜಿಬಿ ಕಾರ್ಡ್ ತುಂಬಲು ನಾಲ್ಕೈದು ಗಂಟೆ ಸಾಕು. ಗುದ್ದಿದಾಗ ವಿಡಿಯೊ ಅಳಿಸದಂತೆ ತಾನೇ ಲಾಕ್ ಆಗುತ್ತದೆ ಎಂಬ ಮಾತನ್ನು ನಂಬಿಕೊಂಡು ಕೂರಬೇಡಿ. ಲಾಕ್ ಆಗುವುದು ಸಾಮಾನ್ಯವಾಗಿ ಆ ಒಂದು ತುಂಡು. ಎದುರಿನ ಗಾಡಿ ಹೇಗೆ ಬಂತು ಅನ್ನುವುದು ಅದರ ಹಿಂದಿನ ತುಂಡಿನಲ್ಲಿರಬಹುದು.

ವೈರ್ ಕೀಳುವ ಮುಂಚೆ ಕ್ಯಾಮೆರಾ ತೋರಿಸುವ ಸಮಯವನ್ನೂ ನಿಮ್ಮ ಫೋನಿನ ಸಮಯವನ್ನೂ ಒಂದೇ ಫೋಟೊದಲ್ಲಿ ಹಿಡಿಯಿರಿ. ಏಳು ನಿಮಿಷ ಹಿಂದಿದ್ದರೂ ಪರವಾಗಿಲ್ಲ, ಸರಿ ಮಾಡಲು ಹೋಗಬೇಡಿ. ಕ್ಯಾಮೆರಾ ಆಫ್ ಆದ ಮೇಲೆ ಉಗುರಿನಿಂದ ಕಾರ್ಡ್ ಒತ್ತಿ ತೆಗೆಯಿರಿ. ಪಟ್ಟನೆ ಹಾರಿ ಸೀಟಿನ ಸಂದಿಗೆ ಬೀಳುತ್ತದೆ, ಕೆಳಗೆ ಕರವಸ್ತ್ರ ಹಿಡಿಯಿರಿ.

ಮುಂದೆ ನಕಲು. ಕಾರ್ಡ್ ಅಡಾಪ್ಟರ್‌ನ ಪಕ್ಕದಲ್ಲಿ ಪುಟ್ಟ ಸ್ವಿಚ್ ಇರುತ್ತದೆ. ಅದನ್ನು ಲಾಕ್ ಕಡೆಗೆ ಸರಿಸಿಯೇ ಕಂಪ್ಯೂಟರ್‌ಗೆ ಹಾಕಿ. ಸ್ಕ್ಯಾನ್ ಮಾಡಿ ಸರಿಪಡಿಸಲೇ ಎಂದು ಕೇಳಿದರೆ ಬೇಡ ಅನ್ನಿ. ಬೇಕಾದ ತುಂಡೊಂದನ್ನೇ ಅಲ್ಲ, ಇಡೀ ಕಾರ್ಡನ್ನು ನಕಲು ಮಾಡಿ. ಹೆಸರು ಬದಲಿಸಬೇಡಿ, ಕತ್ತರಿಸಬೇಡಿ, ಬಾಣದ ಗುರುತು ಹಾಕಬೇಡಿ. ಆಮೇಲೆ ಅಪಘಾತದ ಫೈಲ್‌ನ ಹ್ಯಾಶ್, ಅಂದರೆ ಅದರ ಬೆರಳಚ್ಚಿನಂಥ ಗುರುತು, ತೆಗೆಯಿರಿ. ವಿಂಡೋಸ್‌ನಲ್ಲೇ ಸರ್ಟ್‌ಯುಟಿಲ್ ಎಂಬ ಕಮಾಂಡ್ ಇದೆ, ಹ್ಯಾಶ್ ವಿಧಾನ ಎಸ್‌ಎಚ್‌ಎ-256 ಎಂದು ಕೊಟ್ಟರೆ 64 ಅಕ್ಷರಗಳ ಸಾಲು ಬರುತ್ತದೆ. ವಿಡಿಯೊದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಬೇರೆಯಾಗುತ್ತದೆ. ಬರೆದಿಟ್ಟುಕೊಳ್ಳಿ.

ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊವನ್ನು ಸಾಕ್ಷ್ಯ ಅಂತ ಹಿಡಿದುಕೊಂಡು ಹೋಗಲೇಬೇಡಿ. ಅದು ಕುಗ್ಗಿಸಿದ ನಕಲು, ನಂಬರ್ ಪ್ಲೇಟ್ ಮಸುಕಾಗುತ್ತದೆ. ಪೊಲೀಸರು ಮೂಲ ಕಾರ್ಡನ್ನೇ ತೆಗೆದುಕೊಂಡರೆ ಅದರ ಕಂಪನಿ, ಜಿಬಿ, ಮೇಲಿನ ಸಂಖ್ಯೆ ಮಹಜರಿನಲ್ಲಿ ಬರೆಸಿ.

ನಕಲನ್ನು ಕೋರ್ಟಿಗೆ ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನು ಇದು. ಪ್ರಮಾಣಪತ್ರದ ಮೊದಲ ಭಾಗಕ್ಕೆ ನೀವು, ಎರಡನೆಯದಕ್ಕೆ ತಜ್ಞರು ಸಹಿ ಹಾಕುತ್ತಾರೆ. ಹ್ಯಾಶ್ ಸಾಲು ಎರಡರಲ್ಲೂ ಇರಬೇಕು. ಹಾಗಂತ ಮೂಲ ಕಾರ್ಡನ್ನು ಬಿಸಾಡಬೇಡಿ. ಲಕೋಟೆಯಲ್ಲಿ ಹಾಕಿ, ತಾರೀಖು ಬರೆದು ಸಹಿ ಮಾಡಿ ಇಡಿ.

ಏರ್‌ಬ್ಯಾಗ್ ಬಿಚ್ಚಿದ್ದರೆ ಇನ್ನೊಂದು ವಿಷಯ ಕೇಳಿ. ಕೆಲವು ಕಾರುಗಳಲ್ಲಿ ಏರ್‌ಬ್ಯಾಗನ್ನು ನಿಯಂತ್ರಿಸುವ ಪೆಟ್ಟಿಗೆ, ಅಂದರೆ ಮಾಡ್ಯೂಲ್, ಗುದ್ದುವ ಮುಂಚಿನ ಕೆಲವು ಸೆಕೆಂಡುಗಳ ವೇಗ, ಬ್ರೇಕ್, ಸೀಟ್ ಬೆಲ್ಟ್ ವಿವರ ಉಳಿಸಿಕೊಂಡಿರುತ್ತದೆ. ಅದನ್ನು ಓದಲು ಬೇರೆ ಸಲಕರಣೆಯೇ ಬೇಕು. ಹಳೆ ಮಾಡ್ಯೂಲ್ ಬಿಸಾಡಬಾರದು ಎಂದು ಗ್ಯಾರೇಜಿಗೂ ವಿಮೆಯವರಿಗೂ ಬರಹದಲ್ಲೇ ಕೊಡಿ.

ಕ್ಯಾಮೆರಾ ಕೊಳ್ಳುವವರಿಗೆ: ಬ್ಯಾಟರಿ ಇರುವುದು ಬೇಡ, ಕೆಪಾಸಿಟರ್ ಇರುವುದೇ ತಗೊಳ್ಳಿ. ಏಪ್ರಿಲ್ ಬಿಸಿಲಿಗೆ ಗಾಜಿನ ಹಿಂದೆ ಬ್ಯಾಟರಿ ಊದಿಕೊಳ್ಳುತ್ತದೆ. ಕಾರ್ಡ್ ಸತತ ರೆಕಾರ್ಡಿಂಗ್ ತಾಳುವ ಹೈ ಎಂಡ್ಯೂರೆನ್ಸ್ ಇರಲಿ. ಅಗ್ಗದ ಕಾರ್ಡ್ ಬೇಕಾದ ದಿನವೇ ಕೈ ಕೊಡುತ್ತದೆ.

ಒಂದು ಮಾತು ಮಾತ್ರ ನೆನಪಿರಲಿ, ವಿಡಿಯೊ ನಿಮ್ಮ ವೇಗವನ್ನೂ ತೋರಿಸಬಹುದು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 100 ಕಿ.ಮೀ. ಮಿತಿ ಮೀರಿದ್ದರೆ ನಿಮ್ಮ ಪಾಲಿನ ತಪ್ಪಿಗೆ ಪರಿಹಾರದಲ್ಲಿ ಕಡಿತ ಆಗಬಹುದು. ಆದರೂ ಆ ಭಾಗ ಅಳಿಸಬೇಡಿ. ಅಳಿಸಿದ್ದು ಗೊತ್ತಾದರೆ ಉಳಿದದ್ದನ್ನೂ ಯಾರೂ ನಂಬುವುದಿಲ್ಲ. ವಕೀಲರ ಹತ್ತಿರ ಇದನ್ನೂ ಮುಚ್ಚಿಡದೆ ಹೇಳಿ, ಬೇಗ ಹೇಳಿ. ಮೋಟಾರು ವಾಹನ ಕಾಯ್ದೆಯಲ್ಲಿ ಪರಿಹಾರದ ಅರ್ಜಿಗೆ ಇರುವ ಗಡುವು ಆರು ತಿಂಗಳು.